ಹಲ್ಲಿನ ಮೇಸ್ತ್ರಿಯ ಮನೆಯ ಉಗುರು ಬಣ್ಣ

ಭಾನುವಾರ ಮಧ್ಯಾಹ್ನ ಊಟದ ನಡುವೆ ಅಜ್ಜಿ ಒಂದು ಕೈಯಿಂದ ಬಾಯಿ ಮರೆಮಾಡಿಕೊಂಡು, ಇನ್ನೊಂದು ಕೈಯಿಂದ ಹಲ್ಲಿನ ಸೆಟ್ಟನ್ನು ತೆಗೆದು ತಟ್ಟೆಯ ಅಂಚಿನಲ್ಲಿಟ್ಟಳು. ಆರು ವರ್ಷಗಳಲ್ಲಿ ಅವಳು ಎಲ್ಲರೆದುರು ಹಲ್ಲು ತೆಗೆದದ್ದು ಅದೇ ಮೊದಲು. ಎದುರಿಗೆ ಕೂತು ಬ್ರೆಡ್ಡು ಮುರಿಯುತ್ತಿದ್ದ ಮಗನ ಕೈ ನಿಂತಿತು.

“ಯಾಕಮ್ಮ, ಚುಚ್ತಾ ಇದೆಯಾ?”

“ಚುಚ್ಚೋದಲ್ಲ ಕಣೋ. ಉರಿ. ಕೆಂಡ ಇಟ್ಟ ಹಾಗೆ.”

ಅವನು ಊಟ ಬಿಟ್ಟೆದ್ದು ಸೆಟ್ಟನ್ನು ನಲ್ಲಿಯ ಕೆಳಗೆ ತೊಳೆದ. ಕಿಟಕಿಯ ಬೆಳಕಿಗೆ ಹಿಡಿದು, ಹಲ್ಲುಗಳು ಕೂತಿದ್ದ ಗುಲಾಬಿ ತಟ್ಟೆಯ ಅಂಚಿನುದ್ದಕ್ಕೂ ಹೆಬ್ಬೆರಳು ಓಡಿಸಿದ. ಎಲ್ಲೂ ತರಿ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಬೀದಿಯವರು ಅವನನ್ನು ಹಲ್ಲಿನ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಮೂವರು ದಂತವೈದ್ಯರು ತಮ್ಮ ರೋಗಿಗಳ ಬಾಯಿಯ ಅಚ್ಚು ತೆಗೆದು ಕಳುಹಿಸುತ್ತಿದ್ದರು; ಅವನು ಮನೆಯ ಮುಂದಿನ ಕೋಣೆಯಲ್ಲಿ ಕೂತು ಹಲ್ಲು ಕಟ್ಟಿ ಕೊಡುತ್ತಿದ್ದ. ಅಪರಿಚಿತರ ಬಾಯಿಗೇ ಅಷ್ಟು ನಾಜೂಕಾಗಿ ಕಟ್ಟುವವನು ತಾಯಿಗೆ ಕಟ್ಟಿದ ಸೆಟ್ಟನ್ನು ಮೂರು ದಿನ ಹೆಚ್ಚಿಗೆ ಉಜ್ಜಿದ್ದ.

“ಸವೆದಿರಬೇಕು,” ಎಂದಳು ಅವನ ಹೆಂಡತಿ. ಅವಳು ಬ್ರೆಡ್ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಳು. ಬೆಳಗಿನ ಪಾಳಿ ಮುಗಿಸಿ ಬಂದರೆ ಹುಬ್ಬಿನಲ್ಲಿ ಹಿಟ್ಟು ಇನ್ನೂ ಇರುತ್ತಿತ್ತು. “ಆರು ವರ್ಷ ಚಪ್ಪಲಿನೂ ಬಾಳಲ್ಲ.”

“ಇದು ಚಪ್ಪಲಿ ಅಲ್ಲ,” ಎಂದ ಮೇಸ್ತ್ರಿ.

“ಗೊತ್ತು. ಚಪ್ಪಲಿ ಆಗಿದ್ರೆ ನಾನೇ ಹೊಲಿಸ್ಕೊಂಡು ಬರ್ತಿದ್ದೆ.”

ಅಜ್ಜಿ ನಗಲು ಹೋಗಿ ನೋವಿಗೆ ಮುಖ ಕಿವುಚಿದಳು. ಅವಳ ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ನೀರಿನ ಲೋಟವನ್ನು ಅವಳ ಕೈಗೆ ಕೊಟ್ಟಳು. ಲೋಟವನ್ನು ಸುತ್ತಿ ಹಿಡಿದ ಅಜ್ಜಿಯ ಬೆರಳುಗಳ ಉಗುರುಗಳು ಮಾತ್ರ ಊಟದ ಮನೆಯಲ್ಲಿ ಅಂದು ಹಬ್ಬದ ಕಳೆಯಲ್ಲಿದ್ದವು: ಹತ್ತು ಬೆರಳಿಗೆ ಹತ್ತು ನಮೂನೆ. ಹೆಬ್ಬೆರಳಿನಲ್ಲಿ ನೀಲಿಯ ಮೇಲೆ ಬಿಳಿ ಚುಕ್ಕೆ, ತೋರುಬೆರಳಿನಲ್ಲಿ ಓರೆ ಗೆರೆ, ಕಿರುಬೆರಳಿನಲ್ಲಿ ಐದು ಎಸಳಿನ ಒಂದು ಹೂವು.

ಅವು ಮೊಮ್ಮಗಳ ಕೆಲಸ. ಅಂಗಿ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಗುಂಡಿ ಹೊಲಿದಿದ್ದ ಅಜ್ಜಿ ಅವಳನ್ನು ಹುಟ್ಟಿದಾಗಿನಿಂದ ಗುಂಡಿ ಎಂದೇ ಕರೆಯುತ್ತಿದ್ದಳು. ಮನೆಯವರಿಗೂ ಅದೇ ರೂಢಿಯಾಗಿತ್ತು. ಹತ್ತೊಂಬತ್ತು ವರ್ಷದ ಗುಂಡಿ ಕಾಲೇಜಿನ ಕೊನೆಯ ಪರೀಕ್ಷೆ ಬರೆದು ಫಲಿತಾಂಶಕ್ಕಾಗಿ ಕಾಯುತ್ತಿದ್ದಳು. ಫಲಿತಾಂಶ ಬಂದ ಮೇಲೆ ಅಪ್ಪನ ಕೆಲಸದ ಮೇಜಿಗೆ ಕೂರುವುದೆಂದು ಮಾತಾಗಿತ್ತು. ಅಲ್ಲಿಯವರೆಗೆ ಕೈ ಸುಮ್ಮನಿರಲಾರದೆ ಶನಿವಾರಗಳಂದು ಅಕ್ಕಪಕ್ಕದ ಹೆಂಗಸರ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು. ಸಾಮಾನು ಎಲ್ಲವೂ ಮನೆಯದೇ. ಗುಂಡುಸೂಜಿಯ ತಲೆಯಿಂದ ಚುಕ್ಕೆ, ಅಂಟುಪಟ್ಟಿಯನ್ನು ಸಣ್ಣಗೆ ಕತ್ತರಿಸಿ ಅಂಟಿಸಿ ಗೆರೆ, ಪಾತ್ರೆ ತೊಳೆಯುವ ಸ್ಪಂಜಿನ ತುಂಡಿನಿಂದ ಒಂದು ಬಣ್ಣ ಇನ್ನೊಂದರಲ್ಲಿ ಕರಗುವಂತೆ ಒತ್ತುವುದು. ಬಂದವರಿಗೆ ತೋರಿಸಲು ಪುಸ್ತಕ ಇರಲಿಲ್ಲ. ಅಜ್ಜಿಯ ಕೈಯೇ ಪುಸ್ತಕ. ಹೆಂಗಸರು ಅಜ್ಜಿಯ ಎರಡೂ ಕೈಗಳನ್ನು ಮಡಿಲಿಗೆಳೆದುಕೊಂಡು, “ನಂಗೆ ಈ ಉಂಗುರದ ಬೆರಳಿನದ್ದು,” ಎಂದು ಆರಿಸುತ್ತಿದ್ದರು. ಅಜ್ಜಿಗೆ ಅದು ಹೆಮ್ಮೆ. ಅವಳ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ.

ತೊಂದರೆ ಇದ್ದದ್ದು ಅಜ್ಜಿಯ ಉಗುರಿನಲ್ಲಿ. ವಯಸ್ಸಿಗೆ ಅವು ಉದ್ದುದ್ದ ಏಣುಗಟ್ಟಿ, ತೆಳುವಾಗಿ, ಪದರ ಪದರವಾಗಿ ಬಿಡುತ್ತಿದ್ದವು. ಹಚ್ಚಿದ ಬಣ್ಣ ಎರಡೇ ದಿನಕ್ಕೆ ಹೊಪ್ಪಳೆ ಏಳುತ್ತಿತ್ತು. ಕೆಳಗೊಂದು ನುಣುಪಾದ, ಗಟ್ಟಿ ಪದರ ಇದ್ದರೆ ನಿಲ್ಲುತ್ತದೆಂದು ಗುಂಡಿಗೆ ಹೊಳೆದದ್ದು ಅಪ್ಪನ ಮೇಜನ್ನು ಒರೆಸುವಾಗ. ಅಲ್ಲಿ ಮಕ್ಕಳ ಸೊಟ್ಟ ಹಲ್ಲು ನೇರ ಮಾಡುವ ಪಾರದರ್ಶಕ ಪಟ್ಟಿಯೊಂದು ಒಣಗುತ್ತಿತ್ತು, ಗಾಜಿನಷ್ಟು ನುಣುಪಾಗಿ. ಅದನ್ನು ಮಾಡುವುದನ್ನು ಅವಳು ಚಿಕ್ಕಂದಿನಿಂದ ನೋಡಿದ್ದಳು. ಬಿಳಿ ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸುವುದು, ಮೇಲೆ ಕಂದು ಸೀಸೆಯ ದ್ರವವನ್ನು ಹನಿಹನಿಯಾಗಿ ಬಿಡುವುದು. ಹತ್ತು ನಿಮಿಷಕ್ಕೆ ಅದು ತಾನಾಗಿ ಕಲ್ಲಾಗುತ್ತಿತ್ತು.

ಕಂದು ಸೀಸೆಯನ್ನು ತಾನಲ್ಲದೆ ಯಾರೂ ಮುಟ್ಟಕೂಡದು ಎಂಬುದು ಮೇಸ್ತ್ರಿಯ ಕಟ್ಟಪ್ಪಣೆ. ಯಾಕೆಂದು ಅವನು ಎಂದೂ ಬಿಡಿಸಿ ಹೇಳಿರಲಿಲ್ಲ. ಹೊತ್ತಿಕೊಳ್ಳುತ್ತದೆಂದು ಮನೆಯವರು ಅಂದುಕೊಂಡಿದ್ದರು. ಅವನು ಅಚ್ಚುಗಳನ್ನು ತರಲು ಹೋದ ಬೆಳಗಿನ ಹೊತ್ತಿನಲ್ಲಿ ಗುಂಡಿ ಮೊದಲು ತನ್ನ ಎಡಗೈ ಉಗುರುಗಳ ಮೇಲೆ ಪ್ರಯೋಗ ಮಾಡಿದಳು. ಬಣ್ಣ ಹತ್ತು ದಿನ ನಿಂತಿತು. ಆಮೇಲೆ ಅಜ್ಜಿಗೆ. ಬೇರೆ ಯಾರ ಮನೆಯಲ್ಲಾದರೂ ಆ ದ್ರವದ ಘಾಟು ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಈ ಮನೆಯ ಪರದೆ, ಹಾಸಿಗೆಯಲ್ಲೆಲ್ಲ ಇಪ್ಪತ್ತು ವರ್ಷಗಳಿಂದ ಅದೇ ಘಾಟು.

ಅದಾಗಿ ಐದು ವಾರ ಕಳೆದಿತ್ತು, ಅಜ್ಜಿ ಹಲ್ಲು ತೆಗೆದಿಟ್ಟ ಭಾನುವಾರಕ್ಕೆ.

ಮೇಸ್ತ್ರಿ ಹಳೆಯ ಸೆಟ್ಟಿನ ಒಳಮೈಯನ್ನು ತುಸು ಕೆರೆದು, ಮತ್ತೆ ಉಜ್ಜಿ ಕೊಟ್ಟ. ಉರಿ ಹೋಗಲಿಲ್ಲ. ಉಪ್ಪುನೀರು ಮುಕ್ಕಳಿಸಿದ್ದಾಯಿತು, ಜೇನು ಸವರಿದ್ದಾಯಿತು. ಕೊನೆಗೆ ಅವನು ಅಜ್ಜಿಯ ಬಾಯಿಯ ಹೊಸ ಅಚ್ಚು ತೆಗೆದು, ಬಂದಿದ್ದ ಬೇರೆ ಕೆಲಸಗಳನ್ನೆಲ್ಲ ಹಿಂದಕ್ಕೆ ಸರಿಸಿ, ನಾಲ್ಕು ದಿನದಲ್ಲಿ ಹೊಸದೇ ಸೆಟ್ಟು ಕಟ್ಟಿದ. ಅಜ್ಜಿ ಅದನ್ನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿ, ಹಳೆಯದಕ್ಕಿಂತ ಚೆನ್ನಾಗಿದೆ ಎಂದಳು. ಮಾರನೆಯ ಬೆಳಗ್ಗೆ ಅವಳ ಕೆನ್ನೆಯ ಒಳಗಡೆ ಕೆಂಪಗೆ ಊದಿತ್ತು. ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನೂ ಅರ್ಧಕ್ಕೆ ಬಿಟ್ಟಳು.

ಅಲ್ಲಿಂದ ಮನೆಯ ಊಟವೇ ಬದಲಾಯಿತು. ಸೊಸೆ ಕಾರ್ಖಾನೆಯಿಂದ ಬಂದವಳೇ ಆಲೂಗಡ್ಡೆ ಬೇಯಿಸಿ ಹಿಸುಕಿ, ಹಾಲು ಹಾಕಿ ತೆಳ್ಳಗೆ ಮಾಡುತ್ತಿದ್ದಳು. ಮೊದಲ ವಾರ ಅಜ್ಜಿ ಒಂದು ಬಟ್ಟಲು ತಿಂದಳು. ಎರಡನೆಯ ವಾರ ಅರ್ಧ. ಆಮೇಲೆ ಸೊಸೆ ಚಮಚ ಎಣಿಸತೊಡಗಿದಳು. “ಇವತ್ತು ಏಳು,” ಎಂದು ಅಡುಗೆಮನೆಯಿಂದಲೇ ಗಂಡನಿಗೆ ಕೇಳುವಂತೆ ಹೇಳುತ್ತಿದ್ದಳು. ಅತ್ತೆಯ ರವಿಕೆ ಭುಜದಿಂದ ಜಾರುತ್ತಿರುವುದನ್ನೂ ಅವಳೇ ಮೊದಲು ಕಂಡಳು.

ಒಂದು ಸಂಜೆ ಗಂಡ ಹೆಂಡತಿಗೆ ಜಗಳವೇ ಆಯಿತು. ಸೆಟ್ಟಿನ ದ್ರವವೋ ಪುಡಿಯೋ ಕೆಟ್ಟಿರಬಹುದು, ಗಟ್ಟಿಯಾಗಲು ಬೇಯಿಸಿದ್ದು ಸಾಲದೆ ಹೋಗಿರಬಹುದು ಎಂದು ಸೊಸೆ ಹೇಳಿದಳು. ಅದೇ ಡಬ್ಬಿಯಿಂದ ಈ ತಿಂಗಳು ಹನ್ನೊಂದು ಜನಕ್ಕೆ ಕಟ್ಟಿದ್ದೇನೆ, ಒಬ್ಬರೂ ವಾಪಸು ತಂದಿಲ್ಲ ಎಂದು ಅವನು ಹೇಳಿದ.

“ಹಾಗಾದ್ರೆ ನಿಮ್ಮ ಕೈ ತಪ್ಪಿದೆ.”

“ನನ್ನ ಕೈ ತಪ್ಪಿಲ್ಲ.”

“ಹಲ್ಲಲ್ಲೂ ತಪ್ಪಿಲ್ಲ, ಕೈಯಲ್ಲೂ ತಪ್ಪಿಲ್ಲ. ಮತ್ತೆ ಇನ್ನೇನು ರೀ?”

ಅವಳಿಗೆ ತಾನು ಕೇಳಿದ್ದೇನೆಂದು ಆಗ ಹೊಳೆದಂತಾಗಿ, ಒದ್ದೆ ಬಟ್ಟೆ ತೆಗೆದುಕೊಂಡು ಒರೆಸಿದ್ದ ಒಲೆಯನ್ನೇ ಮತ್ತೆ ಒರೆಸಿದಳು. ಅಜ್ಜಿಯ ಅಕ್ಕ ತೀರಿಕೊಂಡದ್ದು ಬಾಯಿಯ ಕಾಯಿಲೆಯಿಂದ. ಅದೂ ಹೀಗೆಯೇ ಉರಿಯಿಂದ ಶುರುವಾಗಿತ್ತು. ಆ ರೋಗದ ಹೆಸರನ್ನು ಆ ಸಂಜೆಯಾಗಲಿ ಆಮೇಲಾಗಲಿ ಮನೆಯಲ್ಲಿ ಯಾರೂ ಎತ್ತಲಿಲ್ಲ.

ಈ ಮಧ್ಯೆ ಗುಂಡಿ ಅಜ್ಜಿಯ ಉಗುರಿನ ಪದರವನ್ನು ನಾಲ್ಕನೆಯ ಬಾರಿ ಹೊಸದಾಗಿ ಮಾಡಿದಳು. ಬಾಯಿ ನೋಯುತ್ತಿರುವವಳ ಮನಸ್ಸಿಗಾದರೂ ಹಿತವಾಗಲಿ ಎಂದು ಹತ್ತು ಬೆರಳಿಗೂ ಹಳದಿ ಹೂವು ಬಿಡಿಸಿದಳು. ಹಚ್ಚುವಾಗ ಅಜ್ಜಿಯ ಬೆರಳ ತುದಿಗಳು ಕೆಂಪಾಗಿ, ಉಗುರಿನ ಬದಿಯಲ್ಲಿ ಚರ್ಮ ಬಿರಿದಿರುವುದು ಕಂಡಿತು. ತುರಿಸುತ್ತದೆಯಾ ಎಂದು ಕೇಳಿದ್ದಕ್ಕೆ ಅಜ್ಜಿ, ಬಟ್ಟೆ ಒಗೆಯುವ ಸೋಪು ಬದಲಾಗಿದೆಯಲ್ಲ ಅದಕ್ಕೆ, ಎಂದಳು. ಗುಂಡಿಯ ಎಡಗೈಯ ಮೂರು ಬೆರಳುಗಳೂ ಹಾಗೆಯೇ ಇದ್ದವು. ಅವಳು ಅಂಗಿಯ ತೋಳನ್ನು ಬೆರಳವರೆಗೆ ಎಳೆದುಕೊಂಡು ತಿರುಗುತ್ತಿದ್ದಳು. ಪಾತ್ರೆ ತೊಳೆಯುವಾಗ ನೀರು ತಾಗಿದರೆ ಹಲ್ಲು ಕಚ್ಚುತ್ತಿದ್ದಳು.

ಮೇಸ್ತ್ರಿ ತಾಯಿಯನ್ನು ದಂತವೈದ್ಯೆಯ ಬಳಿಗೆ ಕರೆದೊಯ್ದ. ಹನ್ನೆರಡು ವರ್ಷಗಳಿಂದ ಅವನಿಗೆ ಕೆಲಸ ಕೊಡುತ್ತಿದ್ದವಳು ಆಕೆ. ದೀಪ ಬಗ್ಗಿಸಿ ಬಹಳ ಹೊತ್ತು ನೋಡಿದಳು, ಸಣ್ಣ ಅಳತೆಪಟ್ಟಿ ಹಿಡಿದು ಅಳೆದಳು. ಎಡಗೆನ್ನೆಯ ಒಳಗೆ, ವಸಡಿಗೆ ಹತ್ತಿರ, ಹನ್ನೊಂದು ಮಿಲಿಮೀಟರಿನ ಹುಣ್ಣು. ಸುತ್ತ ಬಿಳಿ ಅಂಚು. ಹಲ್ಲು ಒತ್ತಿದ್ದರಿಂದ ಆಗಿರಬಹುದೇ ಎಂದು ಮೇಸ್ತ್ರಿ ಕೇಳಿದ. ಒತ್ತುವ ಜಾಗವೇ ಅಲ್ಲ ಅದು ಎಂದಳು. ಹಲ್ಲಿನ ವಸ್ತು ಒಗ್ಗದಿರಬಹುದೇ ಎಂದು ಅವಳೇ ಕೇಳಿದಳು. ಆರು ವರ್ಷ ಅದೇ ವಸ್ತು, ಏನೂ ಆಗಿರಲಿಲ್ಲ ಎಂದ ಅವನು. ಸರಿ, ಹಾಗಾದರೆ ಅದಲ್ಲ, ಎಂದು ಅವಳೂ ಒಪ್ಪಿದಳು. ಬೆರಳಿಗೆ ಏನಾಗಿದೆ ಎಂದು ಕೇಳಬೇಕೆಂದು ಆಕೆಗೆ ಹೊಳೆಯಲಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತವರು ಕೈಗಳನ್ನು ಶಾಲಿನೊಳಗೆ ಇಟ್ಟುಕೊಂಡರೆ ಯಾರು ನೋಡುತ್ತಾರೆ? ಬರುವ ಗುರುವಾರ ಒಂದು ಚೂರು ಕೊಯ್ದು ಪರೀಕ್ಷೆಗೆ ಕಳುಹಿಸುವುದೆಂದು ನಿಶ್ಚಯವಾಯಿತು.

ಮನೆಗೆ ಬಂದ ಅಜ್ಜಿ ತನ್ನ ಕಬ್ಬಿಣದ ಪೆಟ್ಟಿಗೆ ತೆರೆದು, ಯಾವ ಸೀರೆ ಯಾರಿಗೆ ಎಂದು ಸೊಸೆಗೆ ಹೇಳತೊಡಗಿದಳು. ಸೊಸೆ ಪೆಟ್ಟಿಗೆಯ ಮುಚ್ಚಳ ಹಾಕಿ ಅದರ ಮೇಲೆ ಕೂತುಬಿಟ್ಟಳು.

“ಎಲ್ಲಾ ನಂಗೇ ಬೇಕು ಅತ್ತೆ. ಈಗ ಕೊಡೋದೂ ಬೇಡ.”

“ಕೂತಿದ್ದು ಸರಿ. ಏಳ್ಬೇಕಾದ್ರೆ ನೋಡ್ಕೊಂಡು ಏಳು, ಮುಚ್ಚಳದ ಚಿಲಕ ಸೀರೆ ಹರಿಯತ್ತೆ,” ಎಂದಳು ಅಜ್ಜಿ.

ಸೋಮವಾರ ಮೇಸ್ತ್ರಿ ಹೊರಗೆ ಹೋದಾಗ ಗುಂಡಿ ಅವನ ಮೇಜಿನ ಮುಂದೆ ನಿಂತಳು. ಅಜ್ಜಿಗೆ ಹೊಸ ಸೆಟ್ಟು ಹಾಕಿದ ಮರುದಿನವೇ ಯಾಕೆ ಹೆಚ್ಚಾಯಿತು ಎಂಬುದು ಅವಳನ್ನು ಕೊರೆಯುತ್ತಿತ್ತು. ಪುಡಿಯ ಡಬ್ಬಿಯೊಳಗೆ ಮಡಿಸಿಟ್ಟ ಒಂದು ಕಾಗದ ಇತ್ತು, ಇರುವೆಯಂಥ ಅಕ್ಷರಗಳು. ಯಾರೂ ಓದುವ ಕಾಗದವಲ್ಲ ಅದು. ಗಟ್ಟಿಯಾಗದ ದ್ರವ ಮತ್ತೆ ಮತ್ತೆ ಚರ್ಮಕ್ಕೆ ತಗುಲಿದರೆ ಕೆಲವರ ಮೈಗೆ ಅದು ಒಗ್ಗದೆ ಹೋಗಬಹುದು ಎಂದಿತ್ತು. ಬೆರಳ ತುದಿ ಕೆಂಪಾಗುವುದು, ಬಿರಿಯುವುದು, ತುರಿಕೆ. ತೆಳು ಕೈಗವಸನ್ನು ದಾಟಿ ಒಳಗೆ ಹೋಗುತ್ತದೆ. ಒಮ್ಮೆ ಒಗ್ಗದಂತಾದರೆ ಜೀವಮಾನವಿಡೀ ಹಾಗೆಯೇ. ಅಂಥವರ ಬಾಯಿಯಲ್ಲಿ ಗಟ್ಟಿಯಾದ ತಟ್ಟೆಯೂ, ಅದರಲ್ಲೂ ಹೊಸದು, ಉರಿ ಮತ್ತು ಹುಣ್ಣು ತರಬಹುದು.

ಅವಳು ಅದನ್ನು ಮೂರು ಸಲ ಓದಿದಳು. ಮಡಿಕೆಯ ಗೆರೆ ತಪ್ಪದ ಹಾಗೆ ಮಡಿಸಿ ಒಳಗಿಟ್ಟಳು.

ಆ ಮಧ್ಯಾಹ್ನ ಅವಳು ಅಮ್ಮನ ಹಿಂದೆ ಅಡುಗೆಮನೆಗೆ ಹೋಗಿ, ಅಜ್ಜಿಯ ಬಾಯಿಗೆ ಬೇರೇನಾದರೂ ಕಾರಣ ಇರಬಹುದಲ್ಲವಾ ಎಂದು ಶುರುಮಾಡಿದಳು. ಅಮ್ಮ ಆಲೂಗಡ್ಡೆ ಹಿಸುಕುತ್ತ, “ನೀನೂ ಡಾಕ್ಟರ್ ಆಗ್ಬೇಡ, ಚಮಚ ತೊಳಿ,” ಎಂದಳು. ಗುಂಡಿ ಚಮಚ ತೊಳೆದಳು. ಮಂಗಳವಾರ ಅಜ್ಜಿಯ ಹತ್ತಿರ ಕೂತಳು. ಅಜ್ಜಿ ಅವಳ ತಲೆ ಸವರುತ್ತ, ಗುರುವಾರ ಕೊಯ್ಯುವಾಗ ನೀನು ಒಳಗೆ ಬರಬೇಡ, ನಿನಗೆ ರಕ್ತ ಆಗುವುದಿಲ್ಲ ಎಂದಳು. ಗುಂಡಿಯ ಬಾಯಿಯವರೆಗೆ ಬಂದ ಮಾತು ಅಲ್ಲಿಯೇ ಉಳಿಯಿತು. ಹೇಳಿದರೆ ಅಪ್ಪನ ಕೆಲಸದ ಕೋಣೆಯ ಬಾಗಿಲು ತನಗೆ ಮುಚ್ಚಿದಂತೆ ಎಂಬುದು ಅವಳಿಗೆ ಗೊತ್ತಿತ್ತು. ಹೇಳದೆ ಹೋದರೆ ಏನೆಂಬುದು ಆ ಕಾಗದದಲ್ಲಿ ಇತ್ತು. ಶನಿವಾರಕ್ಕೆಂದು ವಿಚಾರಿಸಲು ಬಂದ ಪಕ್ಕದ ಮನೆಯಾಕೆಗೆ, ಬಣ್ಣ ಮುಗಿದಿದೆ ಎಂದಳು. ಬಣ್ಣದ ಸೀಸೆಗಳು ಆಕೆಯ ಕಣ್ಣೆದುರೇ ಇದ್ದವು.

ಬುಧವಾರ ಬೆಳಗ್ಗೆ ಮೇಸ್ತ್ರಿ ಸಣ್ಣ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಹಿಡಿದು ಊಟದ ಮನೆಗೆ ಬಂದ. ಅಜ್ಜಿಯ ಮುಂದೆ ಗಂಜಿಯ ಬಟ್ಟಲಿತ್ತು, ಸೊಸೆ ಪಾಳಿಗೆ ರಜೆ ಹಾಕಿ ಮನೆಯಲ್ಲೇ ಇದ್ದಳು. ಅವನು ಬಟ್ಟೆ ಬಿಚ್ಚಿದ. ಮತ್ತೊಂದು ಹೊಸ ಸೆಟ್ಟು. ಯಾರಿಗೂ ಹೇಳದೆ ಎರಡನೆಯದನ್ನೂ ಕಟ್ಟಿದ್ದ.

“ಇದನ್ನ ಎರಡು ಪಟ್ಟು ಹೊತ್ತು ಬೇಯ್ಸಿದೀನಿ ಅಮ್ಮ. ಒಂದೇ ಒಂದು ಸಲ ಹಾಕ್ಕೊಂಡು ನೋಡು. ನಾಳೆ ಕೊಯ್ಯೋದೇ ಬೇಡ ಆಗ್ಬಹುದು.”

ಅಜ್ಜಿ ಸುಮ್ಮನೆ ಬಾಯಿ ತೆರೆದಳು. ಮಗ ಕೇಳಿದ್ದಕ್ಕೆ ತೆರೆದಳು, ಅಷ್ಟೇ.

“ಹಾಕ್ಬೇಡಿ,” ಎಂದಳು ಗುಂಡಿ.

ಮೂವರೂ ಅವಳತ್ತ ತಿರುಗಿದರು.

“ಅಪ್ಪ, ಅದನ್ನ ಅಜ್ಜಿ ಬಾಯಿಗೆ ಹಾಕ್ಬೇಡಿ. ಅಜ್ಜಿ ಉಗುರಿಗೆ ನಾನು ಅದನ್ನೇ ಹಚ್ಚಿದೀನಿ. ಪುಡಿ, ದ್ರವ.”

ಮೇಸ್ತ್ರಿ ಸೆಟ್ಟನ್ನು ಬಟ್ಟೆಯ ಮೇಲಿಟ್ಟ. ಅವನು ಕೂಗಾಡಬಹುದು, ಕೈ ಎತ್ತಬಹುದು ಎಂದು ಗುಂಡಿ ಗೋಡೆಗೆ ಅಂಟಿ ನಿಂತಿದ್ದಳು. ಅವನು ಕುರ್ಚಿ ಎಳೆದುಕೊಂಡು ಕೂತ. ದಂತವೈದ್ಯರ ಚೀಟಿ ಓದುವಾಗ ಕೇಳುವ ಹಾಗೆಯೇ ಒಂದೊಂದಾಗಿ ಕೇಳಿದ.

“ಯಾವ ಪುಡಿ?”

“ಬಿಳಿದು. ಮಕ್ಕಳ ಪಟ್ಟಿದು.”

“ಎಷ್ಟು ಸಲ?”

“ನಾಲ್ಕು.”

“ಎಷ್ಟೆಷ್ಟು ದಿನಕ್ಕೆ?”

“ಹತ್ತು, ಹನ್ನೆರಡು ದಿನಕ್ಕೊಂದ್ಸಲ.”

“ಬಾಯಿ ಉರಿ ಶುರುವಾದ ಮೇಲೂ?”

“ಒಂದ್ಸಲ.”

“ಚರ್ಮಕ್ಕೆ ತಾಗ್ತಿತ್ತಾ?”

“ಪಕ್ಕಕ್ಕೆ ಇಳೀತಿತ್ತು. ಒರೆಸ್ತಿದ್ದೆ.”

“ಯಾವುದ್ರಲ್ಲಿ ಒರೆಸ್ತಿದ್ದೆ?”

“ಹತ್ತೀಲಿ.” ಅವಳ ದನಿ ತಗ್ಗಿತು. “ದ್ರವದಲ್ಲೇ ಅದ್ದಿ.”

ಮೇಸ್ತ್ರಿ ಕಣ್ಣು ಮುಚ್ಚಿದ. ತನಗೆ ಕೆಲಸ ಕಲಿಸಿದ ಮುದುಕ ನಲವತ್ತೈದಕ್ಕೇ ಮೇಜು ಬಿಟ್ಟ ಕಥೆಯನ್ನು ಅವನು ಆಗ ಹೇಳಿದ. ಆ ಮುದುಕನಿಗೆ ಅದೇ ದ್ರವದಿಂದ ಹತ್ತು ಬೆರಳೂ ಬಿರಿದು, ಅಂಗಿಯ ಗುಂಡಿ ಹಾಕಲೂ ಹೆಂಡತಿಯನ್ನು ಕರೆಯಬೇಕಾಗಿತ್ತಂತೆ. ಅದನ್ನು ಇಷ್ಟು ವರ್ಷ ಮನೆಯಲ್ಲಿ ಹೇಳದೆ ಇದ್ದದ್ದು ಯಾಕೆಂದು ಹೆಂಡತಿ ಕೇಳಿದಳು. ನೀವು ಹೆದರ್ತೀರಿ ಅಂತ, ಎಂದ.

ಅಷ್ಟರಲ್ಲಿ ಅವಳಿಗೆ ಉಳಿದದ್ದೆಲ್ಲ ಅರ್ಥವಾಗಿತ್ತು. ಮಗಳ ರಟ್ಟೆ ಹಿಡಿದು ಅಲುಗಿಸಿದಳು.

“ನಾಳೆ ಕೊಯ್ಯೋಕೆ ಹೊರಟಿದ್ದಾರೆ, ಇವತ್ತು ಬಾಯಿ ಬಿಡ್ತೀಯಲ್ಲೇ! ನಾನು ಚಮಚ ಎಣಿಸ್ತಾ ಇದ್ದೆ, ನೀನು ಹೂವು ಬಿಡಿಸ್ತಾ ಇದ್ಯಾ?”

“ಬಿಡು ಅವಳ್ನ,” ಎಂದಳು ಅಜ್ಜಿ. “ನಾನೇ ಹಚ್ಚು ಅಂದಿದ್ದು. ವಾಸನೆ ಬಂದಾಗ್ಲೇ ಗೊತ್ತಾಗಿತ್ತು ಎಲ್ಲಿಂದ ತಂದಿದ್ದು ಅಂತ. ನಿನ್ನ ಗಂಡಂಗೆ ಹೇಳಿದ್ರೆ ಮಗೂಗೆ ಬಯ್ತಾನೆ ಅಂತ ಸುಮ್ಮನಿದ್ದೆ. ಬೆರಳಿಗೂ ಬಾಯಿಗೂ ಏನು ಸಂಬಂಧ ಅಂತ ನಂಗೇನು ಗೊತ್ತು?” ಶಾಲಿನಿಂದ ಎರಡೂ ಕೈ ಹೊರಗೆ ತೆಗೆದು ಮೇಜಿನ ಮೇಲಿಟ್ಟಳು. ಹಳದಿ ಹೂವುಗಳ ಕೆಳಗೆ ಬೆರಳ ತುದಿಗಳು ಸುಟ್ಟ ಹಾಗೆ ಕಾಣುತ್ತಿದ್ದವು.

ಮಧ್ಯಾಹ್ನವೇ ಮೇಸ್ತ್ರಿ ದಂತವೈದ್ಯೆಯ ಬಳಿ ಹೋಗಿ ಎಲ್ಲವನ್ನೂ ಹೇಳಿದ. ಆಕೆ ತಕ್ಷಣ ಹೌದೆನ್ನಲಿಲ್ಲ. ಹೀಗೂ ಆಗಿರಬಹುದು, ಆಗದೆಯೂ ಇರಬಹುದು ಎಂದಳು. ಉಗುರಿನ ಪದರ ತೆಗೆಯಬೇಕು, ಬಾಯಿಗೆ ಯಾವ ಹಲ್ಲೂ ಬೇಡ. ಕಾರಣ ಅದೇ ಆಗಿದ್ದರೆ ಎರಡು ವಾರದಲ್ಲಿ ಹುಣ್ಣು ಕುಗ್ಗಬೇಕು. ಕುಗ್ಗದಿದ್ದರೆ ಹದಿನಾಲ್ಕನೆಯ ದಿನ ಕೊಯ್ಯುವುದೇ; ಹದಿನೈದನೆಯ ದಿನ ಎಂಬ ಮಾತಿಲ್ಲ.

ಪದರ ತೆಗೆದದ್ದು ಮೇಸ್ತ್ರಿಯೇ. ಹಿತ್ತಿಲಲ್ಲಿ ಗಾಳಿಗೆ ಬೆನ್ನು ಮಾಡಿ ತಾಯಿಯನ್ನು ಕೂರಿಸಿದ. ಮುಖಕ್ಕೆ ಬಟ್ಟೆ, ಕೈಗೆ ಒಂದರ ಮೇಲೊಂದು ದಪ್ಪ ಕೈಗವಸು. ಧೂಳು ಏಳದಂತೆ ನೀರು ಹನಿಸುತ್ತ ಅರದಿಂದ ಉಜ್ಜಿದ. ಎರಡು ಗಂಟೆ ಹಿಡಿಯಿತು. ಒಳಗಿನ ಉಗುರು ಕಾಗದದಷ್ಟು ತೆಳುವಾಗಿ ಹೊರಬಂತು. ಗುಂಡಿ ಬಾಗಿಲ ಹಿಂದೆ ನಿಂತು ನೋಡಿದಳು. ತನ್ನ ಉಗುರುಗಳ ಪದರವನ್ನು ಅವಳು ಹಿಂದಿನ ದಿನವೇ ಬಚ್ಚಲಲ್ಲಿ ಕೂತು ಕಿತ್ತಿದ್ದಳು. ಒಂದು ಕಡೆ ಉಗುರೂ ಅರ್ಧ ಬಂದಿತ್ತು.

ಆ ಎರಡು ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಎಲ್ಲರ ತಲೆಯಲ್ಲಿ ಒಂದೇ ಲೆಕ್ಕ. ಗುಂಡಿ ಹೇಳಿದ್ದು ನಿಜವಾದರೆ ಅಜ್ಜಿ ಉಳಿಯುತ್ತಾಳೆ. ನಿಜವಲ್ಲದಿದ್ದರೆ, ಆ ರೋಗವೇ ಆಗಿದ್ದರೆ, ಅವಳ ಮಾತು ಕೇಳಿ ರೋಗಕ್ಕೆ ಹದಿನಾಲ್ಕು ದಿನ ಪುಕ್ಕಟೆ ಕೊಟ್ಟಂತೆ. ಅದನ್ನು ಬಾಯಿಬಿಟ್ಟು ಹೇಳಿದವಳು ಸೊಸೆ ಒಬ್ಬಳೇ. ಐದನೆಯ ದಿನ ಬಟ್ಟೆ ಹಿಂಡುತ್ತ, ಮಗಳ ಮುಖ ನೋಡದೆ ಕೇಳಿದಳು.

“ನೀನು ಅಂದ್ಕೊಂಡಿದ್ದು ಸುಳ್ಳಾದ್ರೆ?”

“ಗೊತ್ತಿಲ್ಲಮ್ಮ.”

“ಸುಳ್ಳಾಗ್ದೆ ಇರ್ಲಿ,” ಎಂದು ಅಮ್ಮ ಬಟ್ಟೆಯ ಇನ್ನೊಂದು ತುದಿಯನ್ನು ಅವಳಿಗೆ ಚಾಚಿದಳು. ಹಿಡಿಯಲು ಮಗಳು ಬಲಗೈ ಮಾತ್ರ ಮುಂದೆ ಮಾಡಿದ್ದನ್ನು ಆ ಯೋಚನೆಯಲ್ಲಿ ಗಮನಿಸಲಿಲ್ಲ.

ಬ್ಯಾಟರಿ ಹಿಡಿದು ಅಜ್ಜಿಯ ಬಾಯೊಳಗೆ ಇಣುಕುವುದನ್ನು ಮೇಸ್ತ್ರಿ ಎಲ್ಲರಿಗೂ ನಿಷೇಧಿಸಿದ್ದ. ದಿನಾ ನೋಡಿದರೆ ದಿನಕ್ಕೊಂದು ಕಾಣುತ್ತದೆ ಎಂದು ಅವನ ವಾದ. ಹಾಗಾಗಿ ಚಮಚಗಳೇ ಲೆಕ್ಕ. ಆರನೆಯ ದಿನ ಎಂಟು. ಏಳನೆಯ ದಿನ ಐದು. ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ. ಒಂಬತ್ತನೆಯ ದಿನ ಹದಿಮೂರು. ಹಸಿವಾಗಿ ತಿಂದಳೋ, ಇವರ ಮುಖ ನೋಡಲಾರದೆ ತಿಂದಳೋ ತಿಳಿಯದು. ಕೇಳಿದರೆ ಅಜ್ಜಿ, “ನಿಮ್ಮ ಲೆಕ್ಕ ತಪ್ಪತ್ತೆ ಅಂತ ತಿಂದೆ,” ಎನ್ನುತ್ತಿದ್ದಳು. ಮೇಸ್ತ್ರಿ ಮಗಳೊಂದಿಗೆ ಬೇಕಾದಷ್ಟೇ ಮಾತಾಡುತ್ತಿದ್ದ. ಕೆಲಸದ ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಹನ್ನೊಂದನೆಯ ದಿನ ಗುಂಡಿಯ ಫಲಿತಾಂಶ ಬಂತು, ಪಾಸಾಗಿದ್ದಳು. ಅವಳು ಹೇಳಿದಳು, ಅವರು ಕೇಳಿದರು, ಅಷ್ಟಕ್ಕೆ ಮುಗಿಯಿತು.

ಹದಿನಾಲ್ಕನೆಯ ದಿನ ನಾಲ್ವರೂ ಹೋದರು. ಕಾಯುವ ಬೆಂಚಿನಲ್ಲಿ ಅಜ್ಜಿ ಸೊಸೆಯ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಸೊಸೆಯ ಬೆರಳುಗಳು ಬಿಳಿಚಿದ್ದವು. ಒಳಗೆ ಟ್ರೇಯಲ್ಲಿ ಕೊಯ್ಯುವ ಸಾಮಾನುಗಳನ್ನು ಆಗಲೇ ಬಟ್ಟೆಯ ಮೇಲೆ ಹರಡಿಟ್ಟಿದ್ದರು. ಗುಂಡಿ ಅವನ್ನು ನೋಡದಿರಲು ಗೋಡೆಯ ಗಡಿಯಾರ ನೋಡಿದಳು.

ದಂತವೈದ್ಯೆ ದೀಪ ಬಗ್ಗಿಸಿದಳು. ನೋಡಿದಳು. ಹಳೆಯ ಕಾರ್ಡು ತರಿಸಿ ಓದಿದಳು. ಮತ್ತೆ ನೋಡಿದಳು.

“ಎಡಗಡೆನೇ ಅಲ್ವಾ ಇದ್ದಿದ್ದು?”

“ಎಡಗಡೆನೇ,” ಎಂದ ಮೇಸ್ತ್ರಿ.

ಆಕೆ ಅಳತೆಪಟ್ಟಿ ಹಿಡಿದಳು. “ಎರಡು ಮಿಲಿಮೀಟರ್. ಅದೂ ಹುಣ್ಣಲ್ಲ, ಹೊಸ ಚರ್ಮ ಕೂಡ್ಕೊಳ್ತಾ ಇದೆ.” ಟ್ರೇ ಇದ್ದ ಗಾಲಿಮೇಜನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದಳು. ಕೊಯ್ಯುವುದು ಬೇಡ, ಇನ್ನೊಂದು ಹದಿನೈದು ದಿನ ಬಿಟ್ಟು ತೋರಿಸಿ ಎಂದಳು.

ಸೊಸೆಗೆ ಅದನ್ನು ಎರಡು ಸಲ ಹೇಳಬೇಕಾಯಿತು. ಎರಡನೆಯ ಸಲ ಕೇಳಿದವಳೇ ಗೋಡೆಗೆ ಒರಗಿಕೊಂಡು ನೆಲದ ಮೇಲೆ ಕೂತುಬಿಟ್ಟಳು. ಅಜ್ಜಿ ಬೊಚ್ಚುಬಾಯಿಂದಲೇ, “ಏಳೇ, ನೆಲ ತಣ್ಣಗಿದೆ,” ಎಂದಳು.

ಹಲ್ಲಿನ ಮಾತು ಬಂತು. ಮೇಸ್ತ್ರಿಯ ಪುಡಿ, ದ್ರವ ಇನ್ನು ಈ ಬಾಯಿಗೆ ಆಗದು ಎಂದು ದಂತವೈದ್ಯೆ ಬಿಡಿಸಿ ಹೇಳಿದಳು. ಬಾಗುವಂಥ ಬೇರೆ ವಸ್ತುವಿನಿಂದ ಕಟ್ಟುವವನೊಬ್ಬ ಪಟ್ಟಣದ ಆಚೆ ತುದಿಯಲ್ಲಿದ್ದಾನೆ. ಮೇಸ್ತ್ರಿ ಅವನ ವಿಳಾಸ ಕೇಳಿ ಬರೆದುಕೊಂಡ. ಬರೆದಾದ ಮೇಲೂ ಏಳಲಿಲ್ಲ.

“ಡಾಕ್ಟ್ರೇ, ಇನ್ನೊಬ್ಬರದ್ದು ನೋಡ್ಬೇಕು.”

“ಯಾರದ್ದು?”

ಕೈ ಬಚ್ಚಿಟ್ಟುಕೊಂಡೇ ಓಡಾಡುತ್ತಿದ್ದ ಮಗಳತ್ತ ಅವನು ತಿರುಗಿದ. ಗುಂಡಿ ಎರಡೂ ಕೈಗಳನ್ನು ಅಮ್ಮನ ಚೀಲದ ಕೆಳಗೆ ಇಟ್ಟುಕೊಂಡು ನಿಂತಿದ್ದಳು. ನಂಗೇನಾಗಿಲ್ಲ ಎಂದಳು. ಅಜ್ಜಿ ಕುರ್ಚಿಯಿಂದ ನಿಧಾನವಾಗಿ ಇಳಿದು, ಕೂರುವ ಜಾಗವನ್ನು ಸೆರಗಿನಿಂದ ಒಮ್ಮೆ ಕೊಡವಿ, ಅವಳ ರಟ್ಟೆ ಹಿಡಿದು ಕೂರಿಸಿದಳು. ದಂತವೈದ್ಯೆ ದೀಪವನ್ನು ಮುಖದಿಂದ ಕೆಳಕ್ಕೆ, ಮಡಿಲಿಗೆ ತಿರುಗಿಸಿದಳು.

ಗುಂಡಿ ಮೊದಲು ಬಲಗೈ ಇಟ್ಟಳು. ತುಸು ತಡೆದು ಎಡಗೈಯನ್ನೂ ಇಟ್ಟಳು. ಸೊಸೆ ನೆಲದಿಂದ ಎದ್ದು ಬಂದು ನೋಡಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೂರು ಬೆರಳುಗಳ ಉಗುರು ಬುಡ ಬಿಟ್ಟು ಎದ್ದಿತ್ತು.

“ಯಾವಾಗಿಂದ?” ಎಂದು ಮೇಸ್ತ್ರಿ ಕೇಳಿದ. ಎರಡು ವಾರಗಳಲ್ಲಿ ಅವನು ಮಗಳಿಗೆ ಅಷ್ಟು ಹತ್ತಿರ ಬಂದಿರಲಿಲ್ಲ.

“ಅಜ್ಜಿಗಿಂತ ಮೊದಲಿಂದ.”

ಅವನು ಆ ಬೆರಳುಗಳನ್ನು ಮುಟ್ಟದೆ, ಅವಳ ಮಣಿಕಟ್ಟನ್ನು ಕೆಳಗಿನಿಂದ ಹಿಡಿದು ಬೆಳಕಿಗೆ ಸರಿಯಾಗುವಂತೆ ಎತ್ತಿದ. ಕೈಯ ತೊಂದರೆ ನೋಡುವವರು ಬೇರೆ ಇದ್ದಾರೆ, ಅವರಿಗೆ ಬರೆದು ಕೊಡುತ್ತೇನೆ ಎಂದು ದಂತವೈದ್ಯೆ ಹೊಸದೊಂದು ಕಾರ್ಡು ತೆಗೆದಳು. ರೋಗಿಯ ವಯಸ್ಸೆಷ್ಟು ಎಂದು ಕೇಳಿದಳು.

“ಹತ್ತೊಂಬತ್ತು,” ಎಂದ ಮೇಸ್ತ್ರಿ.